ಸ್ಟೀರಿಂಗ್ ರ‍್ಯಾಕ್ ಸೋರಿಕೆ

ಸ್ಟೀರಿಂಗ್ ರ‍್ಯಾಕ್ ಸೋರಿಕೆ ಎಂಬುದು ದ್ರವಚಾಲಿತ ಪವರ್ ಸ್ಟೀರಿಂಗ್ ಹೊಂದಿರುವ ಕಾರುಗಳಲ್ಲಿ ಕಂಡುಬರುವ ಒಂದು ದೋಷ. ಮುಂದಿನ ಚಕ್ರಗಳನ್ನು ತಿರುಗಿಸುವ ರ‍್ಯಾಕ್ ಜೋಡಣೆಯೊಳಗಿನ ಎಣ್ಣೆಯು ಸವೆದ ಅಥವಾ ಗಡಸಾದ ಸೀಲುಗಳನ್ನು ದಾಟಿ ಹೊರಬರುವುದೇ ಈ ದೋಷದ ಸ್ವರೂಪ. ಗ್ಯಾರೇಜುಗಳ ಆಡುಮಾತಿನಲ್ಲಿ ಈ ಜೋಡಣೆಯನ್ನು ‘ಸ್ಟೇರಿಂಗ್ ಬಾಕ್ಸ್’ ಎಂದೂ ಕರೆಯುವುದುಂಟು. ಸೋರಿಕೆಯು ಮೊದಲಿಗೆ ಕಾರು ನಿಂತ ಜಾಗದಲ್ಲಿ ಕೆಲವು ಹನಿಗಳಾಗಿ ಕಾಣಿಸಿಕೊಂಡು, ಕ್ರಮೇಣ ಸ್ಟೀರಿಂಗ್ ಬಿಗಿಯಾಗುವುದು, ಪಂಪಿನಿಂದ ಕೊರೆಯುವಂಥ ಸದ್ದು ಬರುವುದು ಮುಂತಾದ ತೊಂದರೆಗಳಿಗೆ ಎಡೆಮಾಡುತ್ತದೆ.

ಕಾರಿನಡಿ ಬಿದ್ದ ಎಣ್ಣೆಯೆಲ್ಲವೂ ರ‍್ಯಾಕಿನಿಂದ ಬಂದದ್ದಲ್ಲ. ರ‍್ಯಾಕ್ ಜೋಡಣೆಯು ಎಂಜಿನ್ನಿನ ಹಿಂಬದಿಯಲ್ಲಿ, ಬಹಳ ಕೆಳಗೆ ಇರುವುದರಿಂದ ಮೇಲಿನ ಯಾವುದೇ ಭಾಗದಿಂದ ಸೋರಿದ ಎಣ್ಣೆಯೂ ಅದರ ಮೇಲೆಯೇ ಹರಿದು ಅಲ್ಲಿಂದ ತೊಟ್ಟಿಕ್ಕುತ್ತದೆ. ಸ್ಟೀರಿಂಗ್ ವ್ಯವಸ್ಥೆಯ ಬಿಡಿಭಾಗಗಳಲ್ಲಿ ರ‍್ಯಾಕ್ ಅತ್ಯಂತ ದುಬಾರಿಯಾದುದು. ಮೂಲವನ್ನು ಖಚಿತಪಡಿಸಿಕೊಳ್ಳದೆ ಅದನ್ನು ಬದಲಾಯಿಸಿದಾಗ ಹಣ ಖರ್ಚಾಗಿಯೂ ಸೋರಿಕೆ ಹಾಗೆಯೇ ಉಳಿಯುವ ಪ್ರಸಂಗಗಳು ಅಪರೂಪವಲ್ಲ.

ಪದಬಳಕೆ

‘ಚುಕ್ಕಾಣಿ’ ಎಂಬುದು ಮೂಲತಃ ದೋಣಿ, ಹಡಗುಗಳ ದಿಕ್ಕನ್ನು ನಿಯಂತ್ರಿಸುವ ಸಾಧನದ ಹೆಸರು; ಮೋಟಾರು ವಾಹನಗಳಿಗೂ ಅದನ್ನು ಅನ್ವಯಿಸಲಾಗಿದೆ. ರ‍್ಯಾಕ್ ಎಂಬುದನ್ನು ಹಲ್ಲುಪಟ್ಟಿ ಎಂದೂ ಪಿನಿಯನ್ ಎಂಬುದನ್ನು ಕಿರು ಹಲ್ಲುಗಾಲಿ ಎಂದೂ ಹೇಳಬಹುದು. ಆದರೆ ಬಿಡಿಭಾಗಗಳ ಅಂಗಡಿಯಲ್ಲಿ ಈ ಪದಗಳಿಂದ ಕೆಲಸ ನಡೆಯುವುದಿಲ್ಲವಾದ್ದರಿಂದ ಇಲ್ಲಿ ಬಳಕೆಯ ಪದಗಳನ್ನೇ ಉಳಿಸಿಕೊಳ್ಳಲಾಗಿದೆ.

ಹಿನ್ನೆಲೆ

ರ‍್ಯಾಕ್ ಮತ್ತು ಪಿನಿಯನ್ ವಿಧಾನವು ಹಳೆಯದಾದರೂ ಸಣ್ಣ ಕಾರುಗಳಲ್ಲಿ ಅದು ವ್ಯಾಪಕವಾದದ್ದು ಎರಡನೆಯ ಮಹಾಯುದ್ಧದ ನಂತರ. 1948ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ, ಅಲೆಕ್ ಇಸಿಗೊನಿಸ್ ವಿನ್ಯಾಸಗೊಳಿಸಿದ ಮಾರಿಸ್ ಮೈನರ್ ಕಾರಿನ ಹಗುರವಾದ, ನಿಖರವಾದ ಸ್ಟೀರಿಂಗಿಗೆ ಈ ವಿಧಾನವೇ ಕಾರಣವಾಗಿತ್ತು. ದ್ರವದ ಒತ್ತಡದಿಂದ ಚಾಲಕನಿಗೆ ನೆರವು ನೀಡುವ ವ್ಯವಸ್ಥೆಯನ್ನು ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರ ಸುಮಾರಿಗೆ ರೂಪಿಸಿದ. ಅದು ಮಾರಾಟದ ಕಾರಿನಲ್ಲಿ ಬಂದದ್ದು ಕಾಲು ಶತಮಾನದ ನಂತರ, 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. 1988ರಲ್ಲಿ ಜಪಾನಿನ ಸುಜುಕಿ ಸರ್ವೋ ಕಾರಿನಲ್ಲಿ ವಿದ್ಯುತ್ ಮೋಟಾರಿನ ನೆರವುಳ್ಳ ಸ್ಟೀರಿಂಗ್ ಬಂದ ಮೇಲೆ ದ್ರವಚಾಲಿತ ವ್ಯವಸ್ಥೆಯು ನಿಧಾನವಾಗಿ ಹಿಂದೆ ಸರಿಯಿತು. ಇಂದು ಮಾರಾಟವಾಗುವ ಸಣ್ಣ ಕಾರುಗಳಲ್ಲಿ ಬಹುಪಾಲು ಎಣ್ಣೆಯಿಲ್ಲದ ವಿದ್ಯುತ್ ಸ್ಟೀರಿಂಗ್ ಹೊಂದಿವೆ. ಆದರೂ ರಸ್ತೆಯ ಮೇಲೆ ದ್ರವಚಾಲಿತ ಸ್ಟೀರಿಂಗಿನ ವಾಹನಗಳಿಗೆ ಕೊರತೆಯಿಲ್ಲ. 2005ರಿಂದ ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗಿ ಇಂದಿಗೂ ಬಾಡಿಗೆಗೆ ಓಡುತ್ತಿರುವ ಹಳೆಯ ಇನ್ನೋವಾಗಳು ಇದಕ್ಕೆ ಪರಿಚಿತ ಉದಾಹರಣೆ.

ರಚನೆ ಮತ್ತು ಕಾರ್ಯವಿಧಾನ

ಸ್ಟೀರಿಂಗ್ ಚಕ್ರದಿಂದ ಇಳಿದು ಬರುವ ದಂಡವು ಕೆಳತುದಿಯಲ್ಲಿ ಒಂದು ಸಣ್ಣ ಹಲ್ಲುಗಾಲಿಯನ್ನು, ಅಂದರೆ ಪಿನಿಯನ್ನನ್ನು ತಿರುಗಿಸುತ್ತದೆ. ಅದರ ಹಲ್ಲುಗಳು ಕಾರಿನ ಅಡ್ಡಕ್ಕೆ ಮಲಗಿರುವ ಉಕ್ಕಿನ ಸರಳಿನ, ಅಂದರೆ ರ‍್ಯಾಕಿನ ಹಲ್ಲುಗಳೊಂದಿಗೆ ಕೂಡಿಕೊಂಡಿರುತ್ತವೆ. ಪಿನಿಯನ್ ತಿರುಗಿದಂತೆ ರ‍್ಯಾಕ್ ಎಡಕ್ಕೋ ಬಲಕ್ಕೋ ಸರಿಯುತ್ತದೆ. ರ‍್ಯಾಕಿನ ಎರಡೂ ತುದಿಗಳಲ್ಲಿ ಚೆಂಡಿನಾಕಾರದ ಕೀಲಿನಿಂದ ಜೋಡಿಸಿದ ಟೈ ರಾಡ್‌ಗಳಿದ್ದು, ಅವು ಚಕ್ರಗಳನ್ನು ತಳ್ಳುತ್ತವೆ ಅಥವಾ ಎಳೆಯುತ್ತವೆ. ಒಳಗಿನ ಕೀಲುಗಳಿಗೆ ಧೂಳು, ನೀರು ತಾಗದಂತೆ ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆಗಳಿರುವ ರಬ್ಬರಿನ ಗವಸನ್ನು ತೊಡಿಸಿರುತ್ತಾರೆ. ಇದನ್ನು ‘ಬೂಟ್’ ಎನ್ನಲಾಗುತ್ತದೆ.

ದ್ರವಚಾಲಿತ ಮಾದರಿಯಲ್ಲಿ ರ‍್ಯಾಕಿನ ಒಂದು ಭಾಗವು ಉದ್ದನೆಯ ಸಿಲಿಂಡರಿನೊಳಗೆ ಸಾಗುತ್ತದೆ. ರ‍್ಯಾಕಿನ ಮೇಲೆಯೇ ಒಂದು ಪಿಸ್ಟನ್ ಕೂರಿಸಿದ್ದು, ಅದರ ಎರಡೂ ಬದಿಗಳಲ್ಲಿ ಎಣ್ಣೆ ತುಂಬಿರುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ಈ ಎಣ್ಣೆಗೆ ಒತ್ತಡ ನೀಡುತ್ತದೆ. ಚಾಲಕನು ಸ್ಟೀರಿಂಗ್ ತಿರುಗಿಸಿದಾಗ ಪಿನಿಯನ್ನಿನ ಮೇಲ್ಭಾಗದಲ್ಲಿರುವ ತೆಳುವಾದ ತಿರುಚು ಸರಳು ಕೊಂಚವೇ ತಿರುಚಿಕೊಳ್ಳುತ್ತದೆ. ಆ ತಿರುಚುವಿಕೆಯಿಂದ ಅದರ ಸುತ್ತಲಿನ ಕವಾಟದ ದಾರಿಗಳು ತೆರೆದುಕೊಂಡು, ಪಿಸ್ಟನ್ನಿನ ಬೇಕಾದ ಬದಿಗೆ ಎಣ್ಣೆ ನುಗ್ಗುತ್ತದೆ. ಸ್ಟೀರಿಂಗನ್ನು ಒಂದು ಕಡೆಯ ಕೊನೆಯವರೆಗೆ ತಿರುಗಿಸಿ ಹಿಡಿದಾಗ ಒತ್ತಡವು ಸುಮಾರು 70ರಿಂದ 100 ಬಾರ್‌ವರೆಗೆ ಏರಬಲ್ಲುದು. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ ಸುಮಾರು 2 ಬಾರ್ ಎಂಬುದನ್ನು ನೆನೆದರೆ ಈ ಸೀಲುಗಳು ಹೊರುವ ಭಾರವು ಅರ್ಥವಾಗುತ್ತದೆ.

ಎಣ್ಣೆ ಹೊರಬೀಳುವ ದಾರಿಗಳು ಮುಖ್ಯವಾಗಿ ಮೂರು. ಸಿಲಿಂಡರಿನ ಎರಡು ತುದಿಗಳಲ್ಲಿರುವ ಸೀಲುಗಳು ಸೋತರೆ ಎಣ್ಣೆಯು ಬೂಟಿನೊಳಗೆ ಸೇರುತ್ತದೆ. ಪಿನಿಯನ್ನಿನ ಮೇಲ್ಸೀಲು ಸೋತರೆ ಸ್ಟೀರಿಂಗ್ ದಂಡವು ರ‍್ಯಾಕನ್ನು ಕೂಡುವ ಜಾಗ ಒದ್ದೆಯಾಗುತ್ತದೆ. ಕೆಲವು ಕಾರುಗಳಲ್ಲಿ ಚಾಲಕನ ಕಾಲ ಬಳಿಯ ಚಾಪೆಯವರೆಗೂ ಎಣ್ಣೆ ಬರುವುದುಂಟು. ಪಿನಿಯನ್ನಿನ ಕೆಳಸೀಲು ಸೋತರೆ ಎಣ್ಣೆ ಹೊರಗೆ ಕಾಣದೆ ರ‍್ಯಾಕಿನ ಕವಚದೊಳಗೇ ಹರಿದು ಕೊನೆಗೆ ಚಾಲಕನ ಬದಿಯ ಬೂಟನ್ನು ತಲುಪುತ್ತದೆ. ಇವಲ್ಲದೆ ಪಿಸ್ಟನ್ನಿನ ಉಂಗುರ ಅಥವಾ ಕವಾಟದ ಉಂಗುರಗಳು ಸವೆದಾಗ ಉಂಟಾಗುವ ಒಳಸೋರಿಕೆಯಲ್ಲಿ ಒಂದು ಹನಿಯೂ ಹೊರಬರುವುದಿಲ್ಲ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಒಂದು ಕಡೆಗೆ ಸ್ಟೀರಿಂಗ್ ಬಿಗಿಯಾಗಿದ್ದು, ಸ್ವಲ್ಪ ದೂರ ಓಡಿದ ಮೇಲೆ ಸರಿಹೋಗುವುದು ಇದರ ಲಕ್ಷಣ.

ಕಾರಣಗಳು

ವಯಸ್ಸಿನಿಂದ ರಬ್ಬರು ಗಡಸಾಗುವುದು ಸಹಜ. ಆದರೆ ಅಕಾಲದ ಸೋರಿಕೆಗೆ ಬಹುಮಟ್ಟಿಗೆ ಕಾರಣವಾಗುವುದು ಹರಿದ ಬೂಟ್. ಕೆಲವೇ ಬೆಲೆಯ ಈ ರಬ್ಬರಿನ ಗವಸು ಬಿರುಕು ಬಿಟ್ಟಿತೆಂದರೆ ಕೆಸರು ನೀರು ಒಳಸೇರಿ, ನುಣುಪಾದ ರ‍್ಯಾಕಿನ ಮೇಲೆ ತುಕ್ಕಿನ ಸಣ್ಣ ಗುಳಿಗಳು ಮೂಡುತ್ತವೆ. ಆ ಮೇಲೆ ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಆ ಗುಳಿಗಳ ಅಂಚು ಸೀಲಿನ ತುಟಿಯನ್ನು ಅರದಂತೆ ಉಜ್ಜುತ್ತದೆ. ಮಳೆಗಾಲವಿಡೀ ಕೆಸರಿನಲ್ಲಿ ಓಡಾಡುವ ಮಲೆನಾಡು, ಕರಾವಳಿಯ ವಾಹನಗಳಲ್ಲಿ ಬೂಟಿನ ತಪಾಸಣೆಗೆ ಹೆಚ್ಚಿನ ಮಹತ್ವವಿದೆ. ಟೈರು ಬದಲಾಯಿಸುವಾಗ ಒಮ್ಮೆ ಬಗ್ಗಿ ನೋಡಿದರೆ ಸಾಕು; ಆದರೆ ಹಾಗೆ ನೋಡುವವರು ಕಡಿಮೆ.

ತಪ್ಪು ಎಣ್ಣೆಯೂ ಸೀಲುಗಳನ್ನು ಕೆಡಿಸುತ್ತದೆ. ಅನೇಕ ಕಾರುಗಳಲ್ಲಿ ಕೆಂಪು ಬಣ್ಣದ ಎಟಿಎಫ್, ಅಂದರೆ ಸ್ವಯಂಚಾಲಿತ ಗೇರ್‌ಬಾಕ್ಸಿನ ಎಣ್ಣೆಯನ್ನೇ ಬಳಸಲಾಗುತ್ತದೆ. ಕೆಲವು ತಯಾರಕರು ತಮ್ಮದೇ ಪ್ರತ್ಯೇಕ ಎಣ್ಣೆಯನ್ನು ಸೂಚಿಸುತ್ತಾರೆ. ಹಲವು ಯುರೋಪಿಯನ್ ಕಾರುಗಳಲ್ಲಿ ಹಸಿರು ಬಣ್ಣದ ಸಂಶ್ಲೇಷಿತ ಎಣ್ಣೆಯಿರುತ್ತದೆ. ಇವನ್ನು ಒಂದರೊಂದಿಗೆ ಬೆರೆಸುವಂತಿಲ್ಲ. ಬ್ರೇಕ್ ಆಯಿಲನ್ನು ಅಪ್ಪಿತಪ್ಪಿ ಸುರಿದರಂತೂ ವ್ಯವಸ್ಥೆಯ ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಬಹಳ ಹೊತ್ತು ಹಿಡಿಯುವ ಅಭ್ಯಾಸದಿಂದ ಎಣ್ಣೆ ಅತಿಯಾಗಿ ಕಾಯುತ್ತದೆ. ಇಕ್ಕಟ್ಟಾದ ಜಾಗದಲ್ಲಿ ಕಾರು ನಿಲ್ಲಿಸುವಾಗ ಅನೇಕರು ತಿಳಿಯದೆ ಮಾಡುವ ತಪ್ಪಿದು.

ಅಪಾಯದ ಸ್ವರೂಪ

ಎಣ್ಣೆ ಪೂರ್ತಿ ಖಾಲಿಯಾದರೂ ಸ್ಟೀರಿಂಗ್ ಚಕ್ರಕ್ಕೂ ಟೈರುಗಳಿಗೂ ಇರುವ ಯಾಂತ್ರಿಕ ಕೊಂಡಿ ಕಡಿದುಹೋಗುವುದಿಲ್ಲ. ಕಾರನ್ನು ತಿರುಗಿಸಲು ಸಾಧ್ಯವಿರುತ್ತದೆ. ಆದರೆ ಅದಕ್ಕೆ ಬೇಕಾಗುವ ಬಲವು ಹಲವು ಪಟ್ಟು ಹೆಚ್ಚುತ್ತದೆ, ಅದರಲ್ಲಿಯೂ ವೇಗ ಕಡಿಮೆಯಿದ್ದಾಗ. ನೆರವು ತಪ್ಪುವುದು ಒಮ್ಮೆಲೇ ಆದರೆ, ಘಾಟಿ ರಸ್ತೆಯ ಹಿಮ್ಮುರಿ ತಿರುವಿನಲ್ಲಿ ಚಾಲಕನ ಕೈಗೆ ಅದು ಅನಿರೀಕ್ಷಿತ ಭಾರವಾಗಿ ಬರುತ್ತದೆ. ಎಣ್ಣೆಯಿಲ್ಲದೆ ತಿರುಗುವ ಪಂಪು ಬೇಗನೆ ಸವೆಯುತ್ತದೆ. ಅದರ ಲೋಹದ ಪುಡಿ ವ್ಯವಸ್ಥೆಯಲ್ಲೆಲ್ಲ ಹರಡುತ್ತದೆ. ಒತ್ತಡದ ಹೋಸ್‌ನಿಂದ ಸಿಡಿದ ಎಣ್ಣೆಯು ಕಾದ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದು ಹೊಗೆಯೇಳುವುದೂ, ಬೆಂಕಿ ಹತ್ತುವುದೂ ಸಾಧ್ಯ. ವಾರಕ್ಕೊಮ್ಮೆ ಎಣ್ಣೆ ತುಂಬಿಸಿಕೊಂಡು ವರ್ಷಗಟ್ಟಲೆ ಓಡಿಸುವ ರೂಢಿಯನ್ನು ಈ ಕಾರಣಗಳಿಂದ ಸುರಕ್ಷಿತವೆನ್ನಲಾಗದು.

ಸೋರಿಕೆಯ ಮೂಲವನ್ನು ಪತ್ತೆಹಚ್ಚುವುದು

ಮೊದಲು ಗಮನಿಸಬೇಕಾದದ್ದು ದ್ರವದ ಬಣ್ಣ, ವಾಸನೆ ಮತ್ತು ಸಾಂದ್ರತೆ. ರಾತ್ರಿ ಕಾರಿನಡಿ ಬಿಳಿಯ ಅಥವಾ ತಿಳಿ ಬಣ್ಣದ ರಟ್ಟನ್ನು ಹಾಸಿ ಬೆಳಗ್ಗೆ ನೋಡಿದರೆ ಬಣ್ಣವೂ ಹನಿ ಬಿದ್ದ ಸ್ಥಳವೂ ತಿಳಿಯುತ್ತವೆ. ಎಂಜಿನ್ ಆಯಿಲ್ ಕಂದು ಅಥವಾ ಕಪ್ಪಾಗಿರುತ್ತದೆ. ಕೂಲೆಂಟ್ ನೀರಿನಂತೆ ತೆಳುವಾಗಿ, ಹಸಿರು ಅಥವಾ ಗುಲಾಬಿ ಬಣ್ಣದಲ್ಲಿರುತ್ತದೆ. ಎ.ಸಿ. ಬಳಸಿದ ಮೇಲೆ ಬೀಳುವುದು ಬರಿಯ ನೀರು. ಸ್ಟೀರಿಂಗ್ ಎಣ್ಣೆಯು ಹೊಸದಿದ್ದಾಗ ಕೆಂಪಾಗಿದ್ದರೂ ಹಳತಾದಂತೆ ಕಂದುಗಟ್ಟುವುದರಿಂದ ಬಣ್ಣವೊಂದನ್ನೇ ನಂಬಲಾಗದು. ಸ್ಟೀರಿಂಗ್ ಎಣ್ಣೆಯ ಡಬ್ಬಿಯ ಮಟ್ಟವನ್ನು ಗುರುತು ಹಾಕಿಟ್ಟು ಕೆಲವು ದಿನ ನೋಡುವುದು ಹೆಚ್ಚು ನೆಚ್ಚಬಹುದಾದ ಪರೀಕ್ಷೆ. ಮಟ್ಟ ಇಳಿಯದಿದ್ದರೆ ಹನಿಯ ಮೂಲ ಬೇರೆಡೆ ಇದೆಯೆಂದೇ ಅರ್ಥ. ಡಬ್ಬಿಯ ಮೇಲೆ ಬಿಸಿ ಮತ್ತು ತಣ್ಣನೆಯ ಸ್ಥಿತಿಗೆ ಬೇರೆಬೇರೆ ಗೆರೆಗಳಿರುವುದುಂಟು. ಪ್ರತಿ ಸಲವೂ ಒಂದೇ ಸ್ಥಿತಿಯಲ್ಲಿ ನೋಡಬೇಕು.

ಎಣ್ಣೆ, ಧೂಳು ಮೆತ್ತಿದ ಮೇಲ್ಮೈಯಲ್ಲಿ ಮೂಲವನ್ನು ಹುಡುಕುವುದು ವ್ಯರ್ಥ. ಆದ್ದರಿಂದ ಮುಂದಿನ ಹೆಜ್ಜೆ, ರ‍್ಯಾಕ್, ಹೋಸ್‌ಗಳು, ಪಂಪು ಇವನ್ನೆಲ್ಲ ಜಿಡ್ಡು ತೆಗೆಯುವ ದ್ರಾವಣದಿಂದ ತೊಳೆದು ಒಣಗಿಸುವುದು. ಡೀಸೆಲ್ ಅಥವಾ ಸೀಮೆಎಣ್ಣೆಯಿಂದ ಉಜ್ಜುವ ಪದ್ಧತಿ ಇದೆಯಾದರೂ ರಬ್ಬರಿನ ಭಾಗಗಳಿಗೆ ಅದು ಒಳ್ಳೆಯದಲ್ಲ. ತೊಳೆದ ಮೇಲೆ ಎಂಜಿನ್ ಚಾಲೂ ಮಾಡಿ, ಒಬ್ಬರು ಸ್ಟೀರಿಂಗನ್ನು ಎರಡೂ ಕೊನೆಗಳವರೆಗೆ ಹಲವು ಸಲ ತಿರುಗಿಸುತ್ತಿರುವಾಗ ಇನ್ನೊಬ್ಬರು ಟಾರ್ಚು ಹಿಡಿದು ನೋಡಬೇಕು. ಕೊನೆಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯಬಾರದು. ಕಾರನ್ನು ಎತ್ತಿದ್ದರೆ ಅದು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕುಳಿತಿರಬೇಕು; ಜಾಕ್ ಒಂದನ್ನೇ ನಂಬಿ ಕಾರಿನಡಿ ಹೋಗುವುದು ಪ್ರಾಣಾಪಾಯಕರ.

ಹುಡುಕಾಟ ಮೇಲಿನಿಂದ ಕೆಳಕ್ಕೆ ಸಾಗಬೇಕು. ಎಣ್ಣೆ ಕೆಳಕ್ಕೆ ಹರಿಯುತ್ತದೆ. ಓಡುವ ಕಾರಿನ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಒದ್ದೆಯಾದ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲೆ ಮತ್ತು ಎಲ್ಲಕ್ಕಿಂತ ಮುಂದೆ ಇರುವ ಜಾಗವೇ ಮೂಲಕ್ಕೆ ಹತ್ತಿರವಾದುದು. ಡಬ್ಬಿಯ ಮುಚ್ಚಳ, ಹಿಂದಿರುಗುವ ಹೋಸ್‌ನ ಕ್ಲಿಪ್ಪು, ಪಂಪಿನ ಸೀಲು, ಒತ್ತಡದ ಹೋಸ್ ರಬ್ಬರಿನಿಂದ ಲೋಹಕ್ಕೆ ಕೂಡುವ ಸಂದು, ಅದರ ಬೋಲ್ಟಿನ ಕೆಳಗಿನ ತಾಮ್ರದ ವಾಷರುಗಳು, ಇವೆಲ್ಲವನ್ನೂ ನಿರಪರಾಧಿಗಳೆಂದು ಖಚಿತಪಡಿಸಿಕೊಂಡ ನಂತರವೇ ರ‍್ಯಾಕಿನ ಮೇಲೆ ಅನುಮಾನ ಪಡಬೇಕು. ಎಂಜಿನ್ನಿನ ಮೇಲ್ಮುಚ್ಚಳದ ಗ್ಯಾಸ್ಕೆಟ್ಟಿನಿಂದ ಇಳಿದ ಆಯಿಲ್ ರ‍್ಯಾಕಿನ ಮೇಲೆ ಬಿದ್ದು ಬೂಟಿನಿಂದ ತೊಟ್ಟಿಕ್ಕುವುದನ್ನು ರ‍್ಯಾಕ್ ಸೋರಿಕೆಯೆಂದು ತಿಳಿಯುವುದು ಸಾಮಾನ್ಯ ತಪ್ಪು. ಮೂಲ ಸಿಗದೆ ಹೋದಾಗ ಎಣ್ಣೆಗೆ ಹೊಳೆಯುವ ಬಣ್ಣವನ್ನು ಬೆರೆಸಿ, ಸ್ವಲ್ಪ ದೂರ ಓಡಿಸಿ, ನೇರಳಾತೀತ ದೀಪದಡಿ ನೋಡುವ ವಿಧಾನವೂ ಇದೆ.

ನಿರ್ಣಾಯಕವಾದದ್ದು ಬೂಟಿನ ಪರೀಕ್ಷೆ. ಬೂಟಿನ ಹೊರಮೈ ಒದ್ದೆಯಾಗಿರುವುದರಿಂದ ಏನೂ ಸಿದ್ಧವಾಗುವುದಿಲ್ಲ. ನೋಡಬೇಕಾದದ್ದು ಅದರ ಒಳಗನ್ನು. ಹೊರಬದಿಯ ಕ್ಲಿಪ್ಪನ್ನು ಸಡಿಲಿಸಿ ಬೂಟಿನ ಅಂಚನ್ನು ಸರಿಸಿದಾಗ ಒಳಗೆ ಗ್ರೀಸಿನ ತೆಳುವಾದ ಲೇಪ ಕಂಡರೆ ಅದು ಸಹಜ. ಎಣ್ಣೆ ಹರಿದು ಹೊರಬಂದರೆ ರ‍್ಯಾಕಿನ ಸೀಲು ಸೋತಿದೆ ಎನ್ನಲು ಬೇರೆ ಸಾಕ್ಷಿ ಬೇಡ. ಯಾವ ಬದಿಯ ಸೀಲು ಎಂಬುದನ್ನು ಮಾತ್ರ ಇದರಿಂದ ಹೇಳಲಾಗದು. ಅನೇಕ ಕಾರುಗಳಲ್ಲಿ ಎರಡು ಬೂಟುಗಳ ನಡುವೆ ಗಾಳಿ ಆಡಲು ಒಂದು ಸಣ್ಣ ಕೊಳವೆಯಿದ್ದು, ಒಂದು ಬದಿಯ ಎಣ್ಣೆ ಇನ್ನೊಂದು ಬದಿಗೂ ಹೋಗಬಲ್ಲುದು.

ಎಣ್ಣೆಯಲ್ಲಿ ನೊರೆ ಕಾಣಿಸಿ ಪಂಪು ಸದ್ದು ಮಾಡುತ್ತಿದ್ದು, ಹೊರಗೆ ಎಲ್ಲಿಯೂ ಹನಿಯಿಲ್ಲದಿದ್ದರೆ, ಡಬ್ಬಿಯಿಂದ ಪಂಪಿಗೆ ಎಣ್ಣೆಯನ್ನು ಹೀರುವ ಹೋಸ್‌ನ ಸಂದಿನಲ್ಲಿ ಗಾಳಿ ಸೇರುತ್ತಿರುವ ಸಾಧ್ಯತೆಯಿದೆ. ಇದಕ್ಕೆ ಬೇಕಾಗುವುದು ಒಂದು ರಬ್ಬರ್ ಉಂಗುರ ಅಥವಾ ಕ್ಲಿಪ್ಪು.

ದುರಸ್ತಿಯ ಆಯ್ಕೆಗಳು

ರ‍್ಯಾಕೇ ಸೋರುತ್ತಿದೆ ಎಂದು ಖಚಿತವಾದ ಮೇಲೆ ಸೀಲುಗಳ ಕಿಟ್ ಹಾಕಿಸುವುದು, ಪುನರ್ನವೀಕರಿಸಿದ ರ‍್ಯಾಕ್ ಕೊಳ್ಳುವುದು, ಹೊಸದನ್ನು ಕೊಳ್ಳುವುದು ಎಂಬ ದಾರಿಗಳಿವೆ. ಕಿಟ್ ಅಗ್ಗ, ಆದರೆ ಸರಳಿನ ಮೇಲೆ ತುಕ್ಕಿನ ಗುಳಿಗಳಿದ್ದರೆ ಹೊಸ ಸೀಲು ಕೆಲವೇ ತಿಂಗಳಲ್ಲಿ ಹಳೆಯದರ ಗತಿಯನ್ನೇ ಕಾಣುತ್ತದೆ. ಸರಳಿನ ಮೇಲೆ ಉಗುರು ಎಳೆದಾಗ ಎಲ್ಲಿಯೂ ತಡೆಯದಿದ್ದರೆ ಮಾತ್ರ ಕಿಟ್ ಹಾಕಿಸುವುದರಲ್ಲಿ ಅರ್ಥವಿದೆ. ಸೋರಿಕೆ ನಿಲ್ಲಿಸುತ್ತವೆಂದು ಮಾರಾಟವಾಗುವ ಬೆರಕೆ ದ್ರವಗಳು ರಬ್ಬರನ್ನು ಉಬ್ಬಿಸಿ ಕೆಲವು ಕಾಲ ಹನಿಯನ್ನು ತಡೆಯಬಹುದು. ಹರಿದ ಸೀಲಿಗಾಗಲಿ ತುಕ್ಕು ಹಿಡಿದ ಸರಳಿಗಾಗಲಿ ಅವು ಪರಿಹಾರವಲ್ಲ.

ಬದಲಾಯಿಸುವ ಕ್ರಮ

ವಿವರಗಳು ಕಾರಿನಿಂದ ಕಾರಿಗೆ ಬೇರೆಯಾಗುತ್ತವೆ. ಕೆಲವು ಕಾರುಗಳಲ್ಲಿ ರ‍್ಯಾಕನ್ನು ಚಕ್ರದ ಕಮಾನಿನ ಮೂಲಕ ಪಕ್ಕಕ್ಕೆ ಎಳೆಯಬಹುದು. ಮತ್ತೆ ಕೆಲವುಗಳಲ್ಲಿ ಎಂಜಿನ್ನಿಗೆ ಆಧಾರ ಕೊಟ್ಟು ಕೆಳಚೌಕಟ್ಟನ್ನೇ ಇಳಿಸಬೇಕು. ಬೋಲ್ಟುಗಳ ಬಿಗಿತದ ಅಳತೆಯನ್ನು ಆಯಾ ಕಾರಿನ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು.

ಕೆಲಸಕ್ಕೆ ಮೊದಲು ಚಕ್ರಗಳನ್ನು ನೇರವಾಗಿ ನಿಲ್ಲಿಸಿ, ಬ್ಯಾಟರಿಯ ಸಂಪರ್ಕ ತೆಗೆದು, ಸ್ಟೀರಿಂಗ್ ಚಕ್ರ ಅಲುಗದಂತೆ ಕಟ್ಟಿಹಾಕಲಾಗುತ್ತದೆ. ಸ್ಟೀರಿಂಗ್ ಚಕ್ರದ ಹಿಂದೆ ಏರ್‌ಬ್ಯಾಗಿಗೆ ವಿದ್ಯುತ್ ಒಯ್ಯುವ ಸುರುಳಿಯಾಕಾರದ ತೆಳು ಪಟ್ಟಿಯೊಂದಿದೆ. ರ‍್ಯಾಕ್ ಬಿಚ್ಚಿದ ಮೇಲೆ ಸ್ಟೀರಿಂಗಿಗೆ ಯಾವ ತಡೆಯೂ ಇರುವುದಿಲ್ಲವಾದ್ದರಿಂದ, ಅದು ಸುಮ್ಮನೆ ಕೆಲವು ಸುತ್ತು ತಿರುಗಿದರೂ ಮುಂದೆ ಜೋಡಿಸಿ ಓಡಿಸುವಾಗ ಈ ಪಟ್ಟಿ ಕಡಿದುಹೋಗುತ್ತದೆ.

ಮುಂದಿನ ಚಕ್ರಗಳನ್ನು ತೆಗೆದು, ಟೈ ರಾಡ್ ತುದಿಗಳ ನಟ್ಟುಗಳನ್ನು ಬಿಚ್ಚಿ, ಪುಲ್ಲರ್ ಬಳಸಿ ಅವನ್ನು ಬೇರ್ಪಡಿಸಲಾಗುತ್ತದೆ. ಡಬ್ಬಿಯ ಎಣ್ಣೆಯನ್ನು ತೆಗೆದ ಮೇಲೆ ಒತ್ತಡದ ಹಾಗೂ ಹಿಂದಿರುಗುವ ಕೊಳವೆಗಳನ್ನು ಬಿಚ್ಚಿ, ಕಸ ಸೇರದಂತೆ ಬಾಯಿ ಮುಚ್ಚಬೇಕು. ಸ್ಟೀರಿಂಗ್ ದಂಡವು ಪಿನಿಯನ್ನನ್ನು ಕೂಡುವ ಜಾಗದಲ್ಲಿ ಎರಡೂ ಭಾಗಗಳಿಗೆ ತಾಳೆಯಾಗುವಂತೆ ಬಣ್ಣದ ಗುರುತು ಹಾಕಿ, ಬಿಗಿಯುವ ಬೋಲ್ಟನ್ನು ತೆಗೆಯಬೇಕು. ಆನಂತರ ರ‍್ಯಾಕನ್ನು ಹಿಡಿದಿರುವ ಬೋಲ್ಟುಗಳನ್ನು ಬಿಚ್ಚಿ ಹೊರತೆಗೆಯಬಹುದು.

ಹೊಸ ರ‍್ಯಾಕನ್ನು ಜೋಡಿಸುವ ಮೊದಲು ಎರಡು ಕೆಲಸಗಳಿವೆ. ಮೊದಲನೆಯದು, ಅದರ ಪಿನಿಯನ್ನನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತಿರುಗಿಸಿ ಸುತ್ತುಗಳನ್ನು ಎಣಿಸಿ, ಸರಿಯಾಗಿ ಅರ್ಧಕ್ಕೆ ತಂದು ನಿಲ್ಲಿಸುವುದು. ಹೀಗೆ ಮಾಡದಿದ್ದರೆ ಕಾರು ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ ತಿರುಗುತ್ತದೆ. ಎರಡನೆಯದು, ಹಳೆಯ ಕೊಳವೆಗಳನ್ನೂ ಡಬ್ಬಿಯನ್ನೂ ಹೊಸ ಎಣ್ಣೆಯಿಂದ ತೊಳೆಯುವುದು. ಉಳಿದ ಲೋಹದ ಪುಡಿ ಹೊಸ ಸೀಲುಗಳನ್ನು ಕೊರೆಯುತ್ತದೆ. ಹೊಸ ರ‍್ಯಾಕ್ ಅಲ್ಪಕಾಲದಲ್ಲಿ ಮತ್ತೆ ಸೋರುವುದಕ್ಕೆ ಈ ಹಂತವನ್ನು ಬಿಟ್ಟುಬಿಡುವುದೂ ಒಂದು ಕಾರಣ.

ಹಳೆಯ ಟೈ ರಾಡ್ ತುದಿಗಳನ್ನೇ ಬಳಸುವುದಾದರೆ ಅವನ್ನು ಬಿಚ್ಚುವಾಗ ಎಣಿಸಿದಷ್ಟೇ ಸುತ್ತು ಹೊಸ ರ‍್ಯಾಕಿಗೆ ಹಾಕಬೇಕು. ಇದರಿಂದ ಚಕ್ರಗಳ ಕೋನ ಮೊದಲಿನದಕ್ಕೆ ಹತ್ತಿರವಾಗಿರುತ್ತದೆ. ಕೊಳವೆಗಳ ವಾಷರ್, ರಬ್ಬರ್ ಉಂಗುರ, ಸೀಳುಪಿನ್ನುಗಳು ಹೊಸದಾಗಿರಬೇಕು. ಇಡೀ ಕೆಲಸದಲ್ಲಿ ಅತ್ಯಂತ ಎಚ್ಚರ ಬೇಡುವುದು ಸ್ಟೀರಿಂಗ್ ದಂಡದ ಬಿಗಿಯುವ ಬೋಲ್ಟ್. ಅದು ಪಿನಿಯನ್ನಿನ ಕಚ್ಚಿನಲ್ಲಿ ಸರಿಯಾಗಿ ಕೂತು, ಸೂಚಿಸಿದಷ್ಟು ಬಿಗಿಯಾಗಿರಬೇಕು. ಸೋರಿಕೆಯಿಂದ ತಪ್ಪುವುದು ನೆರವು ಮಾತ್ರ. ಈ ಬೋಲ್ಟ್ ಕಳಚಿದರೆ ಸ್ಟೀರಿಂಗೇ ಕೈತಪ್ಪುತ್ತದೆ. ಕೆಲಸ ಮಾಡಿದವರಲ್ಲದೆ ಇನ್ನೊಬ್ಬರೂ ಅದನ್ನು ಪರೀಕ್ಷಿಸುವುದು ಒಳ್ಳೆಯ ಪದ್ಧತಿ.

ಗಾಳಿ ತೆಗೆಯುವುದು ಮತ್ತು ನಂತರದ ಪರೀಕ್ಷೆಗಳು

ಎಣ್ಣೆ ತುಂಬಿದ ಕೂಡಲೇ ಎಂಜಿನ್ ಚಾಲೂ ಮಾಡಬಾರದು. ಮುಂದಿನ ಚಕ್ರಗಳು ನೆಲದಿಂದ ಮೇಲಿರುವಾಗ, ಎಂಜಿನ್ ಆರಿಸಿಟ್ಟೇ ಸ್ಟೀರಿಂಗನ್ನು ಎರಡೂ ಕೊನೆಗಳವರೆಗೆ ನಿಧಾನವಾಗಿ ಹದಿನೈದಿಪ್ಪತ್ತು ಸಲ ತಿರುಗಿಸಬೇಕು. ಡಬ್ಬಿಯಲ್ಲಿ ಗುಳ್ಳೆಗಳು ಏಳುತ್ತವೆ. ಮಟ್ಟ ಇಳಿದಂತೆ ಎಣ್ಣೆ ಸೇರಿಸುತ್ತಿರಬೇಕು. ಗುಳ್ಳೆಗಳು ನಿಂತ ಮೇಲೆ ಎಂಜಿನ್ ಚಾಲೂ ಮಾಡಿ ಮತ್ತೆ ಕೆಲವು ಸಲ ತಿರುಗಿಸಲಾಗುತ್ತದೆ. ಎಣ್ಣೆ ನೊರೆಯಾಗಿ ಬೆಳ್ಳಗಾದರೆ ಎಂಜಿನ್ ಆರಿಸಿ, ನೊರೆ ಇಳಿಯುವವರೆಗೆ ಕಾಯುವುದೇ ಉಪಾಯ. ಅವಸರದಲ್ಲಿ ಈ ಹಂತ ಕೆಟ್ಟಾಗ ಉಂಟಾಗುವ ಸದ್ದನ್ನು ಪಂಪಿನ ದೋಷವೆಂದು ತಿಳಿದು ಪಂಪನ್ನೂ ಬದಲಾಯಿಸಿದವರಿದ್ದಾರೆ.

ಬಿಚ್ಚುವಾಗ ಎಷ್ಟೇ ಎಣಿಸಿದ್ದರೂ ವೀಲ್ ಅಲೈನ್‌ಮೆಂಟ್ ಅನಿವಾರ್ಯ. ಇಲ್ಲದಿದ್ದರೆ ಟೈರುಗಳ ಅಂಚು ಬೇಗನೆ ಸವೆಯುತ್ತದೆ. ಜಾರುವಿಕೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯಿರುವ ಕಾರುಗಳಲ್ಲಿ ಸ್ಟೀರಿಂಗ್ ಕೋನದ ಸಂವೇದಕವನ್ನು ಮರುಹೊಂದಿಸಬೇಕಾಗಬಹುದು. ಒಂದೆರಡು ದಿನ ಓಡಿಸಿದ ಮೇಲೆ ಎಣ್ಣೆಯ ಮಟ್ಟವನ್ನೂ ಕೊಳವೆಗಳ ಸಂದುಗಳನ್ನೂ ಮತ್ತೊಮ್ಮೆ ನೋಡಬೇಕು. ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ, ಬಳಸಿದ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಬೇಕು.

ವಿದ್ಯುತ್ ಸ್ಟೀರಿಂಗ್ ರ‍್ಯಾಕ್

ವಿದ್ಯುತ್ ನೆರವುಳ್ಳ ಕಾರುಗಳ ರ‍್ಯಾಕಿನಲ್ಲಿ ಒತ್ತಡದ ಎಣ್ಣೆ ಇಲ್ಲವಾದ್ದರಿಂದ ಹೊರಕ್ಕೆ ಸೋರುವಂಥದ್ದೇನೂ ಇಲ್ಲ. ಅಂಥ ಕಾರಿನ ರ‍್ಯಾಕ್ ಎಣ್ಣೆಯಿಂದ ತೊಯ್ದಿದ್ದರೆ ಮೂಲವನ್ನು ಎಂಜಿನ್, ಗೇರ್‌ಬಾಕ್ಸುಗಳಲ್ಲಿ ಹುಡುಕಬೇಕು. ಇವುಗಳಲ್ಲಿ ಭಯವಿರುವುದು ನೀರು ಒಳಬರುವುದರಿಂದ. ಮೋಟಾರು ರ‍್ಯಾಕಿನ ಮೇಲೆಯೇ ಇರುವ ಮಾದರಿಗಳಲ್ಲಿ ಹರಿದ ಬೂಟಿನ ಮೂಲಕ ನುಗ್ಗಿದ ನೀರು ಮೋಟಾರನ್ನೂ ಅದರ ನಿಯಂತ್ರಕವನ್ನೂ ಕೆಡಿಸಬಲ್ಲುದು. ನೆರೆಯ ನೀರಿನಲ್ಲಿ ನಿಂತಿದ್ದ ಕಾರುಗಳಲ್ಲಿ ಈ ಭಾಗವನ್ನು ಪ್ರತ್ಯೇಕವಾಗಿ ಪರೀಕ್ಷಿಸಿದ ನಂತರವೇ ಓಡಿಸುವುದು ಸೂಕ್ತ.